ಕಪ್ಪಾದ ಬೆಳ್ಳಿ ಖೊಟ್ಟಿಯಲ್ಲ

ಒಕ್ಕಲುತನದ ಪುಟದಲ್ಲಿ ಬೆಳ್ಳಿಯ ಮಾತೇಕೆ ಎಂದು ಕೆಲವರು ಕೇಳಬಹುದು. ಬೀಜ, ಗೊಬ್ಬರ, ದನಕರು, ಬಾವಿ ಇವುಗಳ ಸಂಗತಿ ಬರೆಯುವದು ಬಿಟ್ಟು ಸರಾಫಕಟ್ಟೆಯ ಸಂಗತಿ ಏಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ನಮ್ಮ ಜತ್ತ ತಾಲೂಕಿನ ಮೂಡಣ ಹಳ್ಳಿಗಳಲ್ಲಿ ಬೆಳ್ಳಿಯೂ ಒಂದು ಬೆಳೆಯೇ. ಬಿಳಿಜೋಳ ಚೆನ್ನಾಗಿ ಬಂದ ವರ್ಷ ಅದು ಮನೆಗೆ ಬರುವದು. ಮಳೆ ಹೋದ ವರ್ಷ ಅದೇ ಹೊರಗೆ ಹೋಗುವದು. 1972ರ ಬರದಲ್ಲಿ ನಮ್ಮ ಹಿರಿಯರು ಎತ್ತು ಮಾರುವ ಮೊದಲು ಮಾರಿದ್ದು ಹೆಂಗಸರ ಕಾಲಿನ ರುಳಿಗಳನ್ನು. ಹೀಗಿರಲು, ಕಣದಲ್ಲಿ ಜೋಳದ ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿ ಮಾರುವ ಒಕ್ಕಲಿಗನು ಬೆಳ್ಳಿಯನ್ನು ಮಾತ್ರ ಕಣ್ಣು ಮುಚ್ಚಿ ಕೊಳ್ಳುವದೂ ಕಣ್ಣು ಮುಚ್ಚಿ ಮಾರುವದೂ ನನಗೆ ಸರಿದೋರುವದಿಲ್ಲ.

ನಮ್ಮ ಓಣಿಯಲ್ಲಿಯೇ ನಡೆದ ಒಂದು ಪ್ರಸಂಗವನ್ನು ಹೇಳುತ್ತೇನೆ. ಒಂದು ಮನೆಗೆ ಹೊಸ ಸೊಸೆ ಬಂದಳು. ತವರಿನವರು ಬಡವರು, ಎರಡೂವರೆ ಎಕರೆ ಒಣಬೇಸಾಯದವರು. ಆದರೂ ಮಗಳಿಗೆ 250 ಗ್ರಾಮಿನ ರುಳಿಯ ಜೋಡಿಯನ್ನು ಮಾಡಿಸಿಕೊಟ್ಟಿದ್ದರು. ಮದುವೆಯಾದ ಎರಡನೆಯ ತಿಂಗಳಲ್ಲಿ ದ್ರಾಕ್ಷಿಯ ಚಾಟ್ನಿ ಮುಗಿದು, ಬೂದಿರೋಗಕ್ಕೆಂದು ತೋಟದಲ್ಲಿ ಗಂಧಕದ ಪುಡಿ ಹೊಡೆದರು. ಸೊಸೆಯೂ ಅತ್ತೆಯೂ ಅದೇ ತೋಟಕ್ಕೆ ಕೂಲಿಗೆ ಹೋಗುವವರು. ಎಂಟು ದಿವಸದಲ್ಲಿ ಹುಡುಗಿಯ ರುಳಿ ಕರಿ ಹಂಚಿನ ಬಣ್ಣಕ್ಕೆ ಬಂತು.

“ನೋಡ್ರೆವ್ವಾ, ನಮ್ಮ ಬೀಗರು ಕೊಟ್ಟ ಬೆಳ್ಳಿ ಹ್ಯಾಂಗದ! ತಗಡ ಕೊಟ್ಟು ಹೆಣ್ಣ ಕಳಸ್ಯಾರ,” ಎಂದು ಅತ್ತೆ ನೀರು ತರುವಲ್ಲಿ ನಾಲ್ಕು ಜನರ ಮುಂದೆ ಅಂದಳು. ಹುಡುಗಿ, “ಅತ್ತಿ, ನಮ್ಮಪ್ಪ ಖರೇ ಬೆಳ್ಳೀನ ತಂದಾನ್ರಿ,” ಎಂದಷ್ಟೇ ಹೇಳಿ ಅಳುತ್ತ ಕೊಡ ಎತ್ತಿಕೊಂಡು ಹೋದಳು. ಮಾತು ಬೀಗರ ಊರಿನ ತನಕ ಮುಟ್ಟಿತು. ಹುಡುಗಿಯ ತಂದೆ ರುಳಿಯನ್ನು ಕಟ್ಟಿಕೊಂಡು ಪೇಟೆಗೆ ಹೋಗಿ ಸರಾಫನೊಡನೆ ಜಗಳಾಡಿದ. ಸರಾಫನು ತನ್ನ ಮಾಲು ಖೊಟ್ಟಿಯಲ್ಲವೆಂದು ಆಣೆ ಮಾಡಿದ. ಕೊನೆಗೆ ಓಣಿಯ ಹಿರಿಯರ ಮಾತಿನಂತೆ ಬೇರೊಂದು ಕಡೆಗೆ ಒಯ್ದು ಪರೀಕ್ಷೆ ಮಾಡಿಸಿದರು. ನಾನೂ ಜೊತೆಗಿದ್ದೆ. ಪರೀಕ್ಷೆಯಲ್ಲಿ ಬಂದದ್ದು 68 ಟಂಚು.

ಅಂದರೆ ಅತ್ತೆ ಹೇಳಿದಂತೆ ಅದು ತಗಡಲ್ಲ. ನೂರರಲ್ಲಿ 68 ಭಾಗ ಬೆಳ್ಳಿ ಇತ್ತು. ಸರಾಫ ಆಣೆ ಮಾಡಿದಂತೆ ಅದು ಖೊಟ್ಟಿಯೂ ಅಲ್ಲ. ಆದರೆ ಪಾವತಿಯನ್ನು ಬಿಚ್ಚಿ ನೋಡಿದರೆ ಅದರಲ್ಲಿ ಬರೆದದ್ದು, “ಚಾಂದಿ, 250 ಗ್ರಾಂ, ದರ, ಮಜೂರಿ, ಒಟ್ಟು” ಇಷ್ಟೇ. ದರವು ಅಂದಿನ ಚೊಕ್ಕ ಬೆಳ್ಳಿಯ ದರ. ಎಂದರೆ ಆ ಬಡ ಒಕ್ಕಲಿಗನು 170 ಗ್ರಾಂ ಬೆಳ್ಳಿಯನ್ನೂ 80 ಗ್ರಾಂ ತಾಮ್ರವನ್ನೂ ಬೆಳ್ಳಿಯ ದರದಲ್ಲಿಯೇ ಕೊಂಡಿದ್ದ. ಮೇಲೆ ಮಜೂರಿ ಬೇರೆ. ರುಳಿ ಕಪ್ಪಾದದ್ದಕ್ಕೂ ಈ ಮೋಸಕ್ಕೂ ಯಾವ ಸಂಬಂಧವೂ ಇಲ್ಲ. ತೋಟಕ್ಕೆ ಹೋಗದೆ ಹುಡುಗಿ ಮನೆಯಲ್ಲಿದ್ದಿದ್ದರೆ ರುಳಿ ಬೆಳ್ಳಗೇ ಇರುತ್ತಿತ್ತು, ಮೋಸವು ಮುಂದೆ ಎಂದೋ ಮಾರುವ ದಿವಸದ ತನಕ ಯಾರಿಗೂ ತಿಳಿಯುತ್ತಿರಲಿಲ್ಲ.

ಮೊದಲು ಕಪ್ಪಿನ ಮಾತು. ಬೆಳ್ಳಿಗೂ ಗಂಧಕಕ್ಕೂ ಹುಟ್ಟಿನ ಸೆಳೆತ. ಎರಡೂ ಕೂಡಿದಲ್ಲಿ ಬೆಳ್ಳಿಯ ಮೈಮೇಲೆ ಕರಿಯ ಪೊರೆ ಕಟ್ಟುವದು. ಗಾಳಿಯಲ್ಲಿ ಗಂಧಕದ ಅಂಶ ಅಲ್ಪವಿರುವದರಿಂದ ಪೆಟ್ಟಿಗೆಯಲ್ಲಿಟ್ಟ ಬೆಳ್ಳಿ ನಿಧಾನವಾಗಿ ಕಂದುವದು. ದ್ರಾಕ್ಷಿ ತೋಟದ ಗಂಧಕದ ಪುಡಿಯಲ್ಲಿ ಓಡಾಡುವವರ ಬೆಳ್ಳಿ ವಾರದಲ್ಲಿ ಕರ್ರಗಾಗುವದು. ತಾಮ್ರ ಬೆರೆತ ಬೆಳ್ಳಿ ತುಸು ಬೇಗ ಕಪ್ಪಾಗುವದೆಂಬುದು ನಿಜವೇ. ಆದರೆ ಗಂಧಕದ ಪುಡಿಯ ಎದುರಿಗೆ ಚೊಕ್ಕ ಬೆಳ್ಳಿಯೂ ನಿಲ್ಲದು. ಕಪ್ಪಾಗದೆ ಎಂದೆಂದಿಗೂ ಫಳಫಳ ಹೊಳೆಯುವ ಮಾಲನ್ನು ಕಂಡರೆ ನಾನು ಹೆಚ್ಚು ಸಂಶಯ ಪಡುವೆನು. ಒಂದೋ ಅದರ ಮೇಲೆ ರೋಡಿಯಮ್ ಎಂಬ ಲೋಹದ ತೆಳು ಲೇಪವಿರುವದು, ಇಲ್ಲವೆ ಅದು ಜರ್ಮನ್ ಸಿಲ್ವರ್ ಇರುವದು. ಈ ಎರಡನೆಯದರ ಹೆಸರಿನಲ್ಲಿ ಮಾತ್ರ ಬೆಳ್ಳಿ. ಒಳಗೆ ಇರುವದು ತಾಮ್ರ, ನಿಕ್ಕಲ್ ಮತ್ತು ಸತುವು. ಒಂದು ಗುಂಜಿ ಬೆಳ್ಳಿಯೂ ಅದರಲ್ಲಿಲ್ಲ.

ಸಂಧಿಗಳಲ್ಲಿ ಹಸಿರು ಕಿಲುಬು ಕಂಡರೆ ಮಾತ್ರ ತಾಮ್ರ ಹೆಚ್ಚಿರಬಹುದೆಂದು ಶಂಕಿಸಲು ಕಾರಣವಿದೆ. ಕಪ್ಪು ಗಂಧಕದ ಗುರುತು, ಹಸಿರು ತಾಮ್ರದ ಗುರುತು ಎಂದು ನೆನಪಿಟ್ಟರೆ ಸಾಕು.

ಕಪ್ಪನ್ನು ತೆಗೆಯಲು ನಮ್ಮ ಹೆಂಗಸರು ಬೂದಿಯಿಂದಲೋ ಇಟ್ಟಿಗೆಯ ಪುಡಿಯಿಂದಲೋ ತಿಕ್ಕುತ್ತಾರೆ. ಹೀಗೆ ತಿಕ್ಕಿದಾಗಲೆಲ್ಲ ಕಪ್ಪಿನೊಡನೆ ಬೆಳ್ಳಿಯೂ ಹೋಗುವದು. ಅದರ ಬದಲು ಅಲ್ಯುಮಿನಿಯಮ್ ಪಾತ್ರೆಯಲ್ಲಿ ಬಿಸಿನೀರು ಹಾಕಿ, ಒಂದು ಮುಷ್ಟಿ ಬಟ್ಟೆ ಒಗೆಯುವ ಸೋಡಾ ಕಲಸಿ, ರುಳಿಯು ಪಾತ್ರೆಯ ತಳಕ್ಕೆ ತಗಲುವಂತೆ ಸ್ವಲ್ಪ ಹೊತ್ತು ಬಿಟ್ಟರೆ ಗಂಧಕವು ಬೆಳ್ಳಿಯನ್ನು ಬಿಟ್ಟು ಹೋಗುವದು, ಬೆಳ್ಳಿ ಉಳಿಯುವದು. ಪಾತ್ರೆ ಮಾತ್ರ ಮಾಸುವದು; ಆದ್ದರಿಂದ ಹಳೆಯದನ್ನೇ ತೆಗೆದುಕೊಳ್ಳಬೇಕು. ಹರಳು ಕೂಡಿಸಿದ ಒಡವೆ, ಅರಗು ತುಂಬಿದ ಕಡಗ ಇವುಗಳಿಗೆ ಈ ಉಪಾಯ ಬೇಡ.

ಇನ್ನು ಟಂಚಿನ ಮಾತು. ನೂರು ಭಾಗದಲ್ಲಿ ಬೆಳ್ಳಿ ಎಷ್ಟು ಭಾಗವೆಂಬುದೇ ಟಂಚು. ಸರಕಾರದ ಲೆಕ್ಕದಲ್ಲಿ ನೂರರ ಬದಲು ಸಾವಿರದಲ್ಲಿ ಹೇಳುವರು, 92.5 ಟಂಚಿಗೆ ಅವರು 925 ಎನ್ನುವರು. 999 ಎಂದರೆ ಚೊಕ್ಕ ಬೆಳ್ಳಿ, ಗಟ್ಟಿ ಮತ್ತು ನಾಣ್ಯದ ಬೆಳ್ಳಿ. ಅದರ ಕೆಳಗೆ 990, 970, 925, 835, 800 ಹೀಗೆ ಇಳಿಯುತ್ತ ಬರುವದು. 925 ಎಂಬುದು ಇಂಗ್ಲೆಂಡದಿಂದ ಬಂದ ಪ್ರಮಾಣ. ಅಲ್ಲಿಯ ಅರಸ ಒಂದನೆಯ ಎಡ್ವರ್ಡನು 1300ರಲ್ಲಿ ಇದಕ್ಕಿಂತ ಕಡಿಮೆ ಬೆಳ್ಳಿಯ ಸಾಮಾನು ಮಾರಬಾರದೆಂದು ಕಾಯದೆ ಮಾಡಿ, ಚಿರತೆಯ ತಲೆಯ ಮುದ್ರೆ ಒತ್ತಿಸಲು ಹಚ್ಚಿದ. ಸಾಮಾನಿನ ಮೇಲೆ ಮುದ್ರೆ ನೋಡಿ ಕೊಳ್ಳುವ ಪದ್ಧತಿ ಅಷ್ಟು ಹಳೆಯದು.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ಬಿಡಿಸಬೇಕಾಗಿದೆ. ಟಂಚು ಹೆಚ್ಚಿದಷ್ಟೂ ಮಾಲು ಒಳ್ಳೆಯದು, ಕಡಿಮೆಯಾದದ್ದೆಲ್ಲ ಮೋಸ ಎಂದು ನಮ್ಮಲ್ಲಿ ತಿಳಿದವರು ಬಹಳ. ಚೊಕ್ಕ ಬೆಳ್ಳಿ ಬಲು ಮೆತ್ತಗೆ. ಅದರ ಕಾಲುಂಗುರವನ್ನು ಹಾಕಿಕೊಂಡು ಎರೆ ಹೊಲದಲ್ಲಿ ಕಳೆ ತೆಗೆಯಲು ಕುಳಿತರೆ ಒಂದು ಹಂಗಾಮಿನಲ್ಲಿ ಸವೆದು ಸೊಟ್ಟಗಾಗುವದು. ತಾಮ್ರ ಬೆರೆಸುವದು ಬೆಳ್ಳಿಗೆ ಗಡಸುತನ ಬರಲೆಂದು. ಎತ್ತಿನ ಗಾಡಿಗೆ ಜಾಲಿಯ ಕಟ್ಟಿಗೆ, ದೇವರ ಮಣೆಗೆ ತೇಗದ ಕಟ್ಟಿಗೆ ಎಂದು ನಾವು ಆರಿಸುವದಿಲ್ಲವೆ? ಹಾಗೆಯೇ ಇದು.

ದಿನಾಲು ಕಾಲಲ್ಲಿ ಇರುವ ರುಳಿ, ಪೈಜಣ, ಕಾಲುಂಗುರ ಇವುಗಳಿಗೆ 80ರಿಂದ 92.5ರ ತನಕದ ಟಂಚು ಯೋಗ್ಯ. ಎದೆಯ ಮೇಲಿನ ಕರಡಿಗೆಯೂ ಇದೇ ಜಾತಿಗೆ ಸೇರಿದ್ದು. ಬೆವರು, ತಿಕ್ಕಾಟ, ದಿನಕ್ಕೆ ಒಂದೆರಡು ಸಲ ಮುಚ್ಚಳ ತೆಗೆದು ಹಾಕುವದು ಇವನ್ನೆಲ್ಲ ಅದು ತಡೆಯಬೇಕು. ಚೊಕ್ಕ ಬೆಳ್ಳಿಯದೇ ಬೇಕೆಂದು ಹಟ ಹಿಡಿದು ಮಾಡಿಸಿದ ಕರಡಿಗೆಯ ಮುಚ್ಚಳ ಸಡಿಲಾಗಿ ಮಾಡಿಸಿದವರು ಪರದಾಡಿದ್ದನ್ನು ನೋಡಿದ್ದೇನೆ. ದೇವರ ಜಗುಲಿಯ ಕಳಸ, ಆರತಿ, ಕುಂಕುಮದ ಬಟ್ಟಲು ಇವು ಕುಳಿತಲ್ಲೇ ಕುಳಿತಿರುವಂಥವು. ಇವು 97, 99 ಟಂಚಿನವು ಇದ್ದರೂ ನಡೆಯುವದು. ಉಣ್ಣುವ ತಾಟಿಗೆ 92.5 ಚೆನ್ನ. ಕೂಸಿಗೆ ಹಾಲು ಕುಡಿಸುವ ಒಳಲೆಗೆ ಮಾತ್ರ ಹೆಚ್ಚಿನ ಟಂಚೇ ಇರಲಿ ಎಂದು ನಾನು ಹೇಳುವೆನು. ಯಾಕಂದರೆ ತಾಮ್ರ ಬಹಳ ಬೆರೆತ ಪಾತ್ರೆಯಲ್ಲಿ ಮಜ್ಜಿಗೆ, ಹುಣಿಸೆಯಂಥ ಹುಳಿ ಪದಾರ್ಥ ನಿಂತರೆ ತಾಮ್ರ ಅದರಲ್ಲಿ ಬಿಡುವದು. ಸಿಹಿ ತಿಂಡಿಯ ಮೇಲೆ ಹಚ್ಚುವ ವರಖಿಗೂ ಚೊಕ್ಕ ಬೆಳ್ಳಿಯೇ ಬೇಕು. ತಾಮ್ರ ಸೇರಿದರೆ ಅಷ್ಟು ತೆಳ್ಳಗೆ ಬಡಿಯಲಿಕ್ಕೆ ಬರುವದಿಲ್ಲ. ಅಂದ ಹಾಗೆ, ನಮ್ಮ ಬಾವಿಯ ಮೇಲೆ ಬಿಸಿಲಿನಿಂದ ನಡೆಯುವ ಪಂಪು ಕೂಡಿಸಿದ್ದಾರಲ್ಲ, ಅದರ ಫಲಕದ ಮೇಲಿನ ಸಣ್ಣ ಬಿಳಿ ಗೆರೆಗಳು ಸಹ ಬೆಳ್ಳಿಯವೇ. ವಿದ್ಯುತ್ತನ್ನು ಒಯ್ಯುವದರಲ್ಲಿ ಬೆಳ್ಳಿಗೆ ಸರಿಮಿಗಿಲಾದ ಲೋಹವಿಲ್ಲ.

ರುಳಿಯ ಸಂಗತಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ನೂರಾರು ಸಣ್ಣ ಕೊಂಡಿಗಳನ್ನು ಬೆಸೆದು ಅದನ್ನು ಮಾಡುವರು. ಬೆಸುಗೆಯ ಲೋಹವು ಕೊಂಡಿಗಿಂತ ಮೊದಲು ಕರಗಬೇಕು, ಆದುದರಿಂದ ಅದರಲ್ಲಿ ಬೆಳ್ಳಿ ಕಡಿಮೆ ಇರಲೇಬೇಕು. 92.5ರ ತಂತಿಯಿಂದ ಪ್ರಾಮಾಣಿಕವಾಗಿ ಮಾಡಿದ ರುಳಿಯನ್ನೂ ಇಡಿಯಾಗಿ ಕರಗಿಸಿದರೆ ಟಂಚು ಇಳಿಯುವದು. ಇದು ಪತ್ತಾರನ ತಪ್ಪಲ್ಲ. ಕೊಲ್ಲಾಪುರ ಜಿಲ್ಲೆಯ ಹುಪರಿಯಲ್ಲಿ ಮನೆಮನೆಯಲ್ಲಿಯೂ ಈ ಕೆಲಸ ನಡೆಯುವದು. ಅಲ್ಲಿಯ ಕುಶಲಕರ್ಮಿಗಳ ಕೈಚಳಕ ನೋಡಿದವರು ಅವರ ಮಜೂರಿಗೆ ತಕರಾರು ಮಾಡಲಾರರು. ಕೆಲಸಗಾರನು ಯಾವ ಟಂಚು ಕೇಳಿದರೆ ಆ ಟಂಚಿನ ಮಾಲು ಮಾಡಿಕೊಡುವನು. ಆ ಅಂಕಿಯು ಅವನ ಕೈಯಿಂದ ಅಂಗಡಿಯ ತನಕ ಬಂದು, ಅಲ್ಲಿಂದ ನಮ್ಮ ಕೈಯಲ್ಲಿಯ ಪಾವತಿಗೆ ಬರುವ ಮೊದಲು ಅಳಿಸಿಹೋಗುವದು. ನನ್ನ ತಕರಾರು ಅದರ ಮೇಲೆ. ಸರಾಫನು ಸಗಟು ಮಾಲು ಕೊಳ್ಳುವಾಗ ಟಂಚು ಕೇಳಿಯೇ ಕೊಳ್ಳುವನು, ನಮ್ಮಿಂದ ಹಳೆಯದನ್ನು ಕೊಳ್ಳುವಾಗಲೂ ಟಂಚು ತೆಗೆದೇ ಕೊಳ್ಳುವನು. ನಮಗೆ ಮಾರುವಾಗ ಒಂದು ಸಲ ಮಾತ್ರ ಆ ಶಬ್ದ ಮರೆತುಹೋಗುವದು!

ಎಲ್ಲ ಸರಾಫರೂ ಹೀಗೆಂದು ನಾನು ಹೇಳುವದಿಲ್ಲ. ಟಂಚನ್ನು ಬಾಯಿಯಿಂದ ಹೇಳಿ, ಕಾಗದದ ಮೇಲೆ ಬರೆದುಕೊಟ್ಟು, ಮರಳಿ ತಂದರೆ ಅದೇ ಲೆಕ್ಕದಿಂದ ತೆಗೆದುಕೊಳ್ಳುವ ಸಜ್ಜನರು ಇದ್ದಾರೆ. ಅಂಥವರಿಗೆ ಗಿರಾಕಿಗಳು ಕೇಳಿದರೆ ಸಂತೋಷವೇ ಆಗುವದು.

ಈಗ ಟ್ರಂಕಿನ ತಳದ ಬಂದಾ ರೂಪಾಯಿಗಳ ಕಡೆಗೆ ಬರೋಣ. ನಮ್ಮ ಅಜ್ಜಿಯರ ಗಂಟಿನಲ್ಲಿ ರಾಣಿಯ ಛಾಪು, ರಾಜನ ಛಾಪಿನ ನಾಲ್ಕಾರು ರೂಪಾಯಿ ಇಲ್ಲದ ಮನೆ ಅಪರೂಪ. ಇವೆಲ್ಲ ಚೊಕ್ಕ ಬೆಳ್ಳಿ ಎಂದು ನಂಬಿಕೆ. 1835ರಿಂದ ನಡೆದುಬಂದ ಕುಂಪಣಿ ಮತ್ತು ಸರಕಾರಿ ರೂಪಾಯಿಯ ತೂಕ 180 ಗ್ರೇನು, ಅಂದರೆ ಸರಿಯಾಗಿ ಒಂದು ತೊಲೆ. ಇಂದಿನ ಲೆಕ್ಕದಲ್ಲಿ 11.66 ಗ್ರಾಂ. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಹಳೆಯ ಲೆಕ್ಕದವರಿಗೆ ತಿಳಿಯುವಂತೆ ಹೇಳುವದಾದರೆ ರೂಪಾಯಿಯಲ್ಲಿ 14 ಆಣೆ 8 ಪೈಯಷ್ಟು ಬೆಳ್ಳಿ, ಉಳಿದದ್ದು ಬೆರಕೆ. ಒಂದು ನಾಣ್ಯದಲ್ಲಿ ಸುಮಾರು 10.7 ಗ್ರಾಂ ಚೊಕ್ಕ ಬೆಳ್ಳಿ ಆಯಿತು. ನಮ್ಮ ಅಜ್ಜಿಯರು ಈ ರೂಪಾಯಿಗಳನ್ನೇ ಪತ್ತಾರನ ಮುಂದೆ ಎಣಿಸಿ ಇಟ್ಟು, ಅವನು ಕರಗಿಸುವ ತನಕ ಎದುರಿಗೆ ಕುಳಿತು ಕಡಗ ಮಾಡಿಸುತ್ತಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ. ಆದರೆ 40 ರೂಪಾಯಿ ಕೊಟ್ಟರೆ 40 ತೊಲೆಯ ಕಡಗ, ಅದರ ಟಂಚು ರೂಪಾಯಿಯ ಟಂಚು ಎಂಬ ಖಾತ್ರಿ ಇತ್ತು.

ಆದರೆ ಮಹಾಯುದ್ಧದ ಕಾಲಕ್ಕೆ 1940ರಲ್ಲಿ ಸರಕಾರವು ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ನೂರರಲ್ಲಿ 50 ಬೆಳ್ಳಿ, 40 ತಾಮ್ರ, ಉಳಿದ ಹತ್ತರಲ್ಲಿ ನಿಕ್ಕಲ್ ಮತ್ತು ಸತುವು. ತೂಕ ಅದೇ 11.66 ಗ್ರಾಂ, ಅದೇ ಆರನೆಯ ಜಾರ್ಜನ ಮುಖ. ತಕ್ಕಡಿಯಲ್ಲಿ ಹಾಕಿದರೆ ಭೇದ ತಿಳಿಯುವದಿಲ್ಲ. ಒಳಗಿನ ಬೆಳ್ಳಿ ಮಾತ್ರ 5.8 ಗ್ರಾಮಿನಷ್ಟು. 1947ರ ರೂಪಾಯಿಯಂತೂ ಬರಿಯ ನಿಕ್ಕಲ್. ಅದರಲ್ಲಿ ಬೆಳ್ಳಿಯೇ ಇಲ್ಲ. ಆದ್ದರಿಂದ ಅಜ್ಜಿಯ ಗಂಟು ಬಿಚ್ಚಿದವರು ಮೊದಲು ನಾಣ್ಯದ ಇಸವಿಯನ್ನು ಓದಿ ಮೂರು ಗುಂಪು ಮಾಡಿಕೊಳ್ಳಬೇಕು: 1939ರ ತನಕದವು, 1940ರಿಂದ 1945ರವು, 1947ರವು. ಹಿಂದೆ ನಿಜಾಮನ ಸೀಮೆಯಲ್ಲಿ ನಡೆಯುತ್ತಿದ್ದ ಹಾಲಿ ಸಿಕ್ಕಾ ರೂಪಾಯಿಯೂ ಕೆಲವರಲ್ಲಿದೆ; ಅದು ತೂಕದಲ್ಲಿಯೂ ಬೆಳ್ಳಿಯಲ್ಲಿಯೂ ಇಂಗ್ಲಿಷ್ ರೂಪಾಯಿಗಿಂತ ಕಡಿಮೆ, ಅದನ್ನು ಬೇರೆ ಇಡಬೇಕು. ಗುಂಪು ಮಾಡದೆ ಒಟ್ಟಿಗೆ ಅಂಗಡಿಗೆ ಒಯ್ದರೆ ಎಲ್ಲವೂ ಕಡಿಮೆಯ ದರಕ್ಕೆ ಹೋಗುವವು. ಕರಗಿಸುವ ಮೊದಲು ಹಳೆಯ ನಾಣ್ಯ ಸಂಗ್ರಹಿಸುವವರಿಗೂ ಒಮ್ಮೆ ತೋರಿಸಬೇಕು. ಕೆಲವು ಇಸವಿಯ ನಾಣ್ಯಕ್ಕೆ ಬೆಳ್ಳಿಗಿಂತ ಹೆಚ್ಚಿನ ಬೆಲೆ ಬರುವದುಂಟು.

ತೊಲೆಯ ಮಾತು ಬಂತೆಂದು ಇದನ್ನೂ ಹೇಳಿಬಿಡುವೆ. ಹಳೆಯ ತೊಲೆ 11.66 ಗ್ರಾಂ. ಈಗ ಪೇಟೆಯಲ್ಲಿ ತೊಲೆ ಎಂದರೆ 10 ಗ್ರಾಂ ಎಂದು ವ್ಯವಹಾರ. ಅಜ್ಜಿ, “ನನ್ನ ಕಡಗ 40 ತೊಲಿ,” ಎಂದರೆ ಅದು 466 ಗ್ರಾಂ. ಅಂಗಡಿಯವನ 40 ತೊಲೆ 400 ಗ್ರಾಂ. ಗ್ರಾಮಿನಲ್ಲಿಯೇ ಮಾತಾಡಿರಿ, ಜಗಳವಿಲ್ಲ. ಟೊಳ್ಳು ಕಡಗದಲ್ಲಿ ಅರಗು ತುಂಬಿದ್ದರೆ ಅದರ ತೂಕವೂ ಇದರಲ್ಲಿ ಸೇರಿರುವದೆಂಬುದನ್ನು ಮರೆಯಬಾರದು.

ಪರೀಕ್ಷೆಯ ಬಗೆಗೆ ಊರಲ್ಲಿ ಹಲವು ಉಪಾಯಗಳು ಓಡಾಡುತ್ತವೆ. ಅಯಸ್ಕಾಂತ ಹಿಡಿದು ನೋಡುವದು ಒಂದು. ಬೆಳ್ಳಿ ಅಯಸ್ಕಾಂತಕ್ಕೆ ಹತ್ತುವದಿಲ್ಲ, ನಿಜ. ತಾಮ್ರವೂ ಹಿತ್ತಾಳೆಯೂ ಜರ್ಮನ್ ಸಿಲ್ವರೂ ಹತ್ತುವದಿಲ್ಲ. ಒಳಗೆ ಕಬ್ಬಿಣವಿದ್ದರೆ ಅಷ್ಟೇ ತಿಳಿದೀತು. ಬರ್ಫದ ಚೂರು ಇಟ್ಟು ಬೇಗ ಕರಗಿದರೆ ಬೆಳ್ಳಿ ಎನ್ನುವದು ಇನ್ನೊಂದು. ತಾಮ್ರದ ಮೇಲೆಯೂ ಅದು ಬೇಗನೆ ಕರಗುವದು. ನೀರಿನಲ್ಲಿ ತೂಗಿ ನೋಡುವದು ಶಾಸ್ತ್ರೀಯವಾದದ್ದು: 100 ಗ್ರಾಂ ಚೊಕ್ಕ ಬೆಳ್ಳಿಯು ನೀರಿನಲ್ಲಿ ಸುಮಾರು 9.5 ಗ್ರಾಂ ತೂಕ ಕಳೆದುಕೊಳ್ಳುವದು, 60 ಟಂಚಿನದು 10.2 ಗ್ರಾಂ, ಜರ್ಮನ್ ಸಿಲ್ವರ್ ಹನ್ನೊಂದೂವರೆಯ ಆಸುಪಾಸು. ನಾನು ಹುರುಪಿನಿಂದ ಒಮ್ಮೆ ಮನೆಯಲ್ಲಿ ಮಾಡಿ ನೋಡಿದೆ. ಘನವಾದ ಕಡಗಕ್ಕೆ ಸರಿಹೋಯಿತು. ಕೊಂಡಿಗಳ ನಡುವೆ ಗಾಳಿ ಸಿಕ್ಕಿಕೊಳ್ಳುವ ರುಳಿಗೆ ಲೆಕ್ಕವೆಲ್ಲ ತಲೆಕೆಳಗಾಯಿತು. ಬೆಳ್ಳಿ ಹೌದೋ ಅಲ್ಲವೋ ಎಂಬುದಕ್ಕೆ ಈ ಉಪಾಯ ನಡೆದೀತು, ಟಂಚು ಹೇಳಲಿಕ್ಕೆ ಸಾಲದು.

ಪೇಟೆಯಲ್ಲಿ ಈಗ ಕ್ಷಕಿರಣದ ಯಂತ್ರಗಳಿವೆ. ಒಡವೆಯನ್ನು ಇಟ್ಟರೆ ನಿಮಿಷದಲ್ಲಿ ಅಂಕಿ ಬರುವದು, ಒಡವೆಗೆ ಗಾಯವಿಲ್ಲ. ಆದರೆ ಅದು ನೋಡುವದು ಮೇಲಿನ ಪದರನ್ನು ಮಾತ್ರ. ಒಳಗೆ ತಾಮ್ರ, ಮೇಲೆ ಬೆಳ್ಳಿಯ ಮುಲಾಮು ಇದ್ದರೆ ಯಂತ್ರವೂ ಮೋಸಹೋಗುವದು. ಪಕ್ಕಾ ಪರೀಕ್ಷೆ ಬೇಕಾದರೆ ಒಂದು ಚೂರನ್ನು ಕತ್ತರಿಸಿ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಉಪ್ಪಿನ ನೀರು ಬಿಡಬೇಕು. ಬೆಳ್ಳಿಯೆಲ್ಲ ಮೊಸರಿನಂತೆ ಒಡೆದು ತಳಕ್ಕಿಳಿಯುವದು, ತಾಮ್ರ ನೀರಿನಲ್ಲಿ ಉಳಿಯುವದು. ಇಷ್ಟು ಬೆಳ್ಳಿಗೆ ಇಷ್ಟೇ ಉಪ್ಪು ಎಂಬ ಲೆಕ್ಕದಿಂದ ಟಂಚು ಹೊರಬೀಳುವದು. ಇದನ್ನು ಮನೆಯಲ್ಲಿ ಮಾಡತಕ್ಕದ್ದಲ್ಲ. ಕರಗಿಸಿ ಶುದ್ಧ ಮಾಡುವ ಗಲಾಯಿ ಕೆಲಸದವರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಮ್ಮದೇ ಸಾಂಗಲಿ ಜಿಲ್ಲೆಯ ವಿಟಾ, ಖಾನಾಪುರ, ಆಟಪಾಡಿ ಭಾಗದ ಜನ ಬರದ ಬೇಗೆಯಿಂದ ಊರು ಬಿಟ್ಟು ಹೋಗಿ, ಇಂದು ಹಿಂದುಸ್ಥಾನದ ಮೂಲೆಮೂಲೆಯ ಸರಾಫಕಟ್ಟೆಗಳಲ್ಲಿ ಬೆಳ್ಳಿ ಬಂಗಾರ ಕರಗಿಸುವ ಕೆಲಸವನ್ನು ನಡೆಸುತ್ತಿದ್ದಾರೆ. ಇಡಿಯ ದೇಶದ ಟಂಚು ಹೇಳುವವರು ನಮ್ಮ ನೆರೆಯವರು. ನಮಗೆ ಮಾತ್ರ ನಮ್ಮ ರುಳಿಯ ಟಂಚು ಗೊತ್ತಿಲ್ಲ.

ಸರಕಾರಿ ಮುದ್ರೆಯ ಸ್ಥಿತಿ ಹೀಗಿದೆ. ಬಂಗಾರದ ಒಡವೆಗಳಿಗೆ 2021ರ ಜೂನ್ 16ರಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. ಬೆಳ್ಳಿಗೆ 2005ರಿಂದಲೇ ಹಾಲ್‌ಮಾರ್ಕ್ ಇದ್ದರೂ ಅದು ಮಾರುವವನ ಇಚ್ಛೆಗೆ ಬಿಟ್ಟದ್ದು. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಆರು ಅಕ್ಷರ ಅಂಕಿಗಳ ಗುರುತಿನ ಸಂಖ್ಯೆ ಕೊಡುವ ಪದ್ಧತಿ ಬಂತು. ಆಗಲೂ ಕಡ್ಡಾಯ ಮಾಡಲಿಲ್ಲ. ಆ ಸಂಖ್ಯೆಯನ್ನು ಬಿ.ಐ.ಎಸ್. ಕೇರ್ ಎಂಬ ಮೊಬೈಲಿನ ಸಾಧನದಲ್ಲಿ ಹಾಕಿದರೆ ಒಡವೆಯ ಶುದ್ಧತೆ ತಿಳಿಯುವದು. ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗರಿದ್ದರೆ ಪೇಟೆಗೆ ಹೋಗುವಾಗ ಕರೆದುಕೊಂಡು ಹೋಗಿರಿ. ಒಂದು ಎಚ್ಚರಿಕೆ: ಬರಿಯ “925” ಎಂದು ಒತ್ತಿದ್ದು ಹಾಲ್‌ಮಾರ್ಕ್ ಅಲ್ಲ. ಅದನ್ನು ಮಾಡಿದವನು ತಾನೇ ಒತ್ತಿಕೊಂಡಿರಬಹುದು. ಮಾನಕ ಸಂಸ್ಥೆಯ ತ್ರಿಕೋನದ ಗುರುತು ಜೊತೆಗಿರಬೇಕು.

ಬೆಳ್ಳಿಗೂ ಇದನ್ನು ಕಡ್ಡಾಯ ಮಾಡಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಬಂಗಾರ ಕೊಳ್ಳುವವರು ಹೇಗೂ ನಾಲ್ಕು ಕಡೆ ವಿಚಾರಿಸುವ ಶಕ್ತಿಯುಳ್ಳವರು. ಬೆಳ್ಳಿಯನ್ನು ಹೆಚ್ಚಾಗಿ ಕೊಳ್ಳುವವರು ಕೂಲಿಯವರು, ಸಣ್ಣ ಒಕ್ಕಲಿಗರು. ರಕ್ಷಣೆ ಯಾರಿಗೆ ಹೆಚ್ಚು ಬೇಕೋ ಅವರಿಗೆ ತಡವಾಗಿ ಬರುವದು ಇದೇ ಮೊದಲ ಸಲವಲ್ಲ. ಸಣ್ಣ ಕೆಲಸಗಾರರಿಗೆ ಮುದ್ರೆಯ ಖರ್ಚು ಭಾರವಾಗುವದೆಂಬ ಆಕ್ಷೇಪವಿದೆ, ಅದರಲ್ಲಿ ಸತ್ಯಾಂಶವೂ ಇದೆ. ಹಾಗಾದರೆ ಅಲ್ಲಿಯ ತನಕ ಪಾವತಿಯಲ್ಲಿ ಟಂಚು ಬರೆಯುವದಕ್ಕೆ ಏನು ಖರ್ಚು? ಎರಡು ಅಂಕಿಯ ಮಸಿ.

ಆ ಎರಡು ಅಂಕಿಗಳಿಗೆ ಈಗ ಇನ್ನೂ ಹೆಚ್ಚಿನ ಬೆಲೆ ಬಂದಿದೆ. ರಿಸರ್ವ್ ಬ್ಯಾಂಕು 2025ರ ಜೂನ್ ತಿಂಗಳಲ್ಲಿ ಹೊರಡಿಸಿದ ನಿಯಮಗಳಲ್ಲಿ ಬಂಗಾರದಂತೆ ಬೆಳ್ಳಿಯ ಒಡವೆಯ ಮೇಲೂ ಸಾಲ ಕೊಡುವ ರೀತಿಯನ್ನು ಗೊತ್ತುಪಡಿಸಿ, 2026ರ ಏಪ್ರಿಲ್ 1ರೊಳಗೆ ಬ್ಯಾಂಕುಗಳು ಅದರಂತೆ ನಡೆಯಬೇಕೆಂದು ಹೇಳಿತು. ಒಬ್ಬನು 10 ಕಿಲೋ ತನಕ ಒಡವೆ, 500 ಗ್ರಾಂ ತನಕ ನಾಣ್ಯ ಇಡಬಹುದು. ಮನೆಖರ್ಚಿನ ಸಾಲವು ಎರಡೂವರೆ ಲಕ್ಷದೊಳಗಿದ್ದರೆ ಬೆಲೆಯ ಶೇಕಡಾ 85ರ ತನಕ ಸಿಗಬಹುದು. ಬೆಲೆ ಕಟ್ಟುವದು 999ರ ಬೆಳ್ಳಿಯ ದರದಿಂದ. ಒಡವೆಯ ಟಂಚು ಕಡಿಮೆಯಿದ್ದರೆ ಅಷ್ಟು ಗ್ರಾಂ ಇಳಿಸಿ ಲೆಕ್ಕ ಹಿಡಿಯುವರು. ಅಜ್ಜಿಯ 466 ಗ್ರಾಮಿನ ಕಡಗ 80 ಟಂಚಿನದಾದರೆ ಬ್ಯಾಂಕಿನ ಪುಸ್ತಕದಲ್ಲಿ ಅದು 373 ಗ್ರಾಂ. ಪರೀಕ್ಷೆ ಮಾಡುವಾಗ ಸಾಲಗಾರನು ಎದುರಿಗೆ ಇರಬೇಕು, ಟಂಚು, ತೂಕ, ಕಡಿತ ಇವನ್ನೆಲ್ಲ ಬರೆದು ಕೊಡಬೇಕು ಎಂದೂ ಆ ನಿಯಮಗಳಲ್ಲಿದೆ. ಸರಾಫಕಟ್ಟೆಯಲ್ಲಿ ಸಿಗದ ಕಾಗದ ಬ್ಯಾಂಕಿನಲ್ಲಿ ಸಿಗುವಂತಾಯಿತು. ಒಂದು ವಿಚಿತ್ರವೆಂದರೆ, ಎಲ್ಲಕ್ಕಿಂತ ಚೊಕ್ಕದಾದ ಬೆಳ್ಳಿಯ ಗಟ್ಟಿಯನ್ನು ಅಲ್ಲಿ ಅಡವಿಗೆ ಇಟ್ಟುಕೊಳ್ಳುವದಿಲ್ಲ. 80 ಟಂಚಿನ ರುಳಿಯನ್ನು ಇಟ್ಟುಕೊಳ್ಳುವರು.

ಇದರಿಂದ ನನ್ನ ಹಿಂದಿನ ಒಂದು ಅಭಿಪ್ರಾಯವನ್ನು ನಾನೇ ತಿದ್ದಿಕೊಳ್ಳಬೇಕಾಯಿತು. ಉಳಿತಾಯಕ್ಕೆಂದು ಕೊಳ್ಳುವವರು ಒಡವೆಯ ಗೊಡವೆಗೆ ಹೋಗದೆ 999ರ ಗಟ್ಟಿಯನ್ನೇ ಕೊಳ್ಳಬೇಕೆಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಮಾರುವದೊಂದೇ ಉದ್ದೇಶವಾದರೆ ಈಗಲೂ ಅದೇ ಸರಿ. ಮಜೂರಿ ಹೋಗುವದಿಲ್ಲ, ಬೆಸುಗೆಯ ಕಡಿತವಿಲ್ಲ. ಆದರೆ ಬರಗಾಲದಲ್ಲಿ ಮಾರದೆ ಅಡವಿಟ್ಟು ಬಿಡಿಸಿಕೊಳ್ಳುವ ಇಚ್ಛೆಯುಳ್ಳವರಿಗೆ ಟಂಚು ಬರೆದ ಒಡವೆಯೇ ಲೇಸು. ಬೆಳ್ಳಿಯನ್ನೇ ಕೊಳ್ಳಬೇಡಿರಿ, ಹಣವನ್ನು ಬ್ಯಾಂಕಿನಲ್ಲಿಡಿರಿ ಎನ್ನುವ ಸುಧಾರಕರೂ ಇದ್ದಾರೆ. ಲೆಕ್ಕದಲ್ಲಿ ಅವರದು ಸುಳ್ಳಲ್ಲ. ಆದರೆ ಬ್ಯಾಂಕಿನ ಪುಸ್ತಕ ಗಂಡನ ಕಿಸೆಯಲ್ಲಿರುವದು, ರುಳಿ ಹೆಂಡತಿಯ ಕಾಲಲ್ಲಿರುವದು. ನಮ್ಮ ಹೆಣ್ಣುಮಕ್ಕಳು ತಮ್ಮದೆಂದು ಹೇಳಬಹುದಾದ ಆಸ್ತಿ ಅದೊಂದೇ ಇರುವ ತನಕ ಈ ಉಪದೇಶವನ್ನು ನಾನು ಮಾಡಲಾರೆ.

ನಮ್ಮ ಓಣಿಯ ಹುಡುಗಿಯ ಸಂಗತಿ ಹೇಳಿ ಮುಗಿಸುತ್ತೇನೆ. ತಂದೆಯು ಪರೀಕ್ಷೆಯ ಚೀಟಿಯನ್ನು ಹಿಡಿದು ಮತ್ತೊಮ್ಮೆ ಅಂಗಡಿಗೆ ಹೋದ. ಈ ಸಲ ನಾವು ನಾಲ್ಕು ಜನ ಜೊತೆಗೆ ಹೋದೆವು. ಗದ್ದಲ ಮಾಡಲಿಲ್ಲ. ಅಂಗಡಿಯವನು ಬಹಳ ಹೊತ್ತು ಲೆಕ್ಕ ಮಾಡಿ ತಾಮ್ರದ ಬಾಬಿನ ಹಣದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮರಳಿ ಕೊಟ್ಟ. ಪಾವತಿಯ ಮೇಲೆ “68” ಎಂದು ಬರೆದು ಸಹಿ ಹಾಕಿದ. ಉಳಿದದ್ದು ಬರಲಿಲ್ಲ. ರುಳಿಯನ್ನು ಸೋಡಾ ನೀರಿನಲ್ಲಿ ಹಾಕಿ ತೆಗೆದಾಗ ಅತ್ತೆಯೂ ಬಂದು ನೋಡಿದಳು, ಏನೂ ಅನ್ನಲಿಲ್ಲ. ಈಗ ತೋಟದಲ್ಲಿ ಗಂಧಕ ಹೊಡೆಯುವ ದಿವಸ ಅತ್ತೆ ಸೊಸೆ ಇಬ್ಬರೂ ರುಳಿ ಬಿಚ್ಚಿ ಒಂದೇ ಬಟ್ಟೆಯಲ್ಲಿ ಕಟ್ಟಿ ಗೂಟಕ್ಕೆ ಹಾಕಿ ಹೋಗುತ್ತಾರೆ. ಅತ್ತೆಯ ರುಳಿಯ ಟಂಚು ಎಷ್ಟೆಂದು ಇನ್ನೂ ಯಾರೂ ನೋಡಿಸಿಲ್ಲ.